ಯಜಮಾನರ ಅಳತೆ

ನನ್ನ ಹೆಂಡತಿಗೆ ನಾಯಿ ಕಂಡರೆ ಭಯ. ಸಣ್ಣಪುಟ್ಟ ಭಯವಲ್ಲ. ಒಂಬತ್ತು ವರ್ಷದವಳಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ನಾಯಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತ್ತು. ಗುರುತು ಈಗಲೂ ಇದೆ. ಅಂದಿನಿಂದ ರಸ್ತೆಯ ಈ ಬದಿಯಲ್ಲಿ ನಾಯಿ ಮಲಗಿದ್ದರೆ ಅವಳು ಆ ಬದಿಗೆ ದಾಟುತ್ತಾಳೆ. ಆ ಬದಿಯಲ್ಲೂ ಒಂದಿದ್ದರೆ ತಿರುಗಿ ಬಂದು ಬೇರೆ ಬೀದಿ ಹಿಡಿಯುತ್ತಾಳೆ. ನಮಗೆ ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಈ ಒಂದು ಕಾರಣಕ್ಕೆ ನೆಂಟರ ಮನೆಗಳಿಗೆಲ್ಲ ತಡವಾಗಿ ಹೋಗಿ ಹೋಗಿ, ಈಗ ಅವರೇ ನಮಗೆ ಅರ್ಧ ಗಂಟೆ ಮುಂಚಿನ ಹೊತ್ತು ಹೇಳುತ್ತಾರೆ.

ನಾಯಿ ಬಿಟ್ಟರೆ ಅವಳು ಇನ್ಯಾವುದಕ್ಕೂ ಹೆದರಿದ್ದನ್ನು ನಾನು ಕಂಡಿಲ್ಲ. ನಮ್ಮದು ಟೈಲರ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹತ್ತೊಂಬತ್ತು ಮೆಟ್ಟಿಲು. ನಾನು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತೇನೆ, ಅವಳು ಹೊಲಿಯುತ್ತಾಳೆ. ಜನ ನನ್ನನ್ನು ಮಾಸ್ಟ್ರೇ ಎಂದು ಕರೆಯುತ್ತಾರೆ. ಕೋಟು ಹೆಗಲ ಮೇಲೆ ಸರಿಯಾಗಿ ಕೂತರೆ ಹೊಗಳಿಕೆ ನನಗೆ, ಕೂರದಿದ್ದರೆ ಗಿರಾಕಿಯನ್ನು ಸಮಾಧಾನ ಮಾಡುವ ಕೆಲಸ ಅವಳಿಗೆ. ಎಂಥ ಜಗಳಗಂಟ ಗಿರಾಕಿಯೂ ಅವಳ ಮುಂದೆ ಐದು ನಿಮಿಷದಲ್ಲಿ ಮೆತ್ತಗಾಗುತ್ತಾನೆ.

ಅಂಗಡಿಯಲ್ಲಿ ಚೂರುಬಟ್ಟೆಯ ಮೂಟೆಗಳು ಯಾವಾಗಲೂ ಇರುತ್ತವೆ. ಒಂದು ದಿನ ಮಳೆಕೋಟಿನ ಜಿಪ್ ಹಾಕಿಸಲು ಬಂದ ಎತ್ತರದ ಹೆಂಗಸೊಬ್ಬರು ಆ ಮೂಟೆಗಳನ್ನು ನೋಡಿ, "ಇದನ್ನೆಲ್ಲ ಏನ್ಮಾಡ್ತೀರ?" ಎಂದು ಕೇಳಿದರು. ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು. ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಂಡು ಸಾಕುವ ಶೆಲ್ಟರ್ ಒಂದನ್ನು ಅವರು ನೋಡಿಕೊಳ್ಳುತ್ತಿದ್ದರು. ಚೂರು ಕೊಟ್ಟರೆ ನೆಲಕ್ಕೆ ಹಾಸುತ್ತೇವೆ ಎಂದರು.

ನನ್ನ ಹೆಂಡತಿ ಮಷೀನಿನಿಂದ ತಲೆಯೆತ್ತದೆ ಹೇಳಿದಳು: "ಬರೀ ಚೂರು ಹಾಸಿದ್ರೆ ಒಂದೇ ದಿನಕ್ಕೆ ಮುದ್ದೆ ಆಗತ್ತೆ. ಹಾಸಿಗೆ ಹೊಲಿದು ಕೊಡ್ತೀನಿ, ಎಷ್ಟು ಬೇಕು ಹೇಳಿ."

ಇಪ್ಪತ್ತು ಹಾಸಿಗೆ ಹೊಲಿದಳು. ತಲುಪಿಸಲು ಬಾಡಿಗೆ ವ್ಯಾನ್ ಮಾಡಿಕೊಂಡು ಇಬ್ಬರೂ ಹೋದೆವು. ಗೇಟು ಹತ್ತಿರವಾಗುತ್ತಿದ್ದಂತೆ ಬೊಗಳುವ ಸದ್ದು ಕೇಳಿ ಅವಳು ಕಿಟಕಿಯ ಗಾಜು ಏರಿಸಿದಳು. "ನಾನು ಇಳಿಯಲ್ಲ. ನೀವೇ ಕೊಟ್ಟು ಬನ್ನಿ" ಎಂದಳು. ನಾನು ಅರ್ಧ ಗಂಟೆ ಒಳಗೂ ಹೊರಗೂ ಓಡಾಡಿ ಹಾಸಿಗೆಗಳನ್ನು ಇಳಿಸಿದೆ. ಬೆವರು ಒರೆಸಿಕೊಂಡು ವ್ಯಾನ್ ಹತ್ತಿದರೆ ಅವಳು ಕೇಳಿದಳು:

"ಆ ಮೂಲೆ ಕೋಣೇಲಿರೋ ಕಂದು ನಾಯಿ ಯಾಕೆ ಕೂತ್ಕೊಳ್ಳಲ್ಲ?"

ಮೂಲೆ ಕೋಣೆಯೊಳಗೆ ಹಾಸಿಗೆ ಇಟ್ಟು ಬಂದವನು ನಾನು. ಅಲ್ಲಿದ್ದ ನಾಯಿ ಕೂತಿತ್ತೋ ನಿಂತಿತ್ತೋ ನನಗೆ ಗೊತ್ತಿರಲಿಲ್ಲ. ಅವಳು ಗಾಜಿನ ಹಿಂದಿನಿಂದ ಜಾಲರಿಯ ಆಚೆಗೆ ಅರ್ಧ ಗಂಟೆ ಅದೊಂದನ್ನೇ ನೋಡಿದ್ದಳು. ಬೂಟಿನ ಹೆಂಗಸನ್ನು ಕರೆಸಿ, ಗಾಜನ್ನು ನಾಲ್ಕು ಬೆರಳಷ್ಟು ಮಾತ್ರ ಇಳಿಸಿ ವಿಚಾರಿಸಿದಳು.

"ಅವನಿಗೆ ಹದಿಮೂರು ವರ್ಷ" ಎಂದರು ಅವರು. "ಸಾಕಿದವರು ಹಾಸಿಗೆ ಹಿಡಿದ್ರು, ಅವರ ಕಡೆಯವರು ಇಲ್ಲಿ ತಂದು ಬಿಟ್ರು. ಹಿಂದಿನ ಕಾಲಲ್ಲಿ ಬಲ ಇಲ್ಲ. ಟೈಲ್ಸ್ ಮೇಲೆ ಮಲಗಿದ್ರೆ ಜಾರತ್ತೆ, ಏಳಕ್ಕಾಗಲ್ಲ. ಎತ್ತೋಕೆ ಹೋದ್ರೆ ಅವನಿಗೆ ಇಷ್ಟ ಇಲ್ಲ. ಅದಕ್ಕೇ ಆದಷ್ಟು ಹೊತ್ತು ನಿಂತೇ ಇರ್ತಾನೆ. ತೀರಾ ಆಗದೇ ಇದ್ದಾಗ ಗೋಡೆಗೆ ಒರಗ್ತಾನೆ."

"ಯಾರೂ ಕರ್ಕೊಂಡು ಹೋಗಲ್ವಾ?"

"ಬಂದವರೆಲ್ಲ ಮರಿ ಕೇಳ್ತಾರೆ. ಅವನ ಕೋಣೆ ತನಕ ಯಾರೂ ಬರೋದೇ ಇಲ್ಲ. ಹದಿನಾಲ್ಕು ತಿಂಗಳಾಯ್ತು."

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಒಂದು ಕೋಟಿನ ಎಡತೋಳನ್ನು ತಂದು ಬಲಗಡೆಗೆ ಕೂಡಿಸಿ ಹೊಲಿದುಬಿಟ್ಟಳು. ಅವಳಿಗೇ ಗೊತ್ತಾಗಿ ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುತ್ತಲೇ ಹೇಳಿದಳು:

"ಅದನ್ನ ಕರ್ಕೊಂಡು ಬರೋಣ ರೀ."

"ಯಾವುದನ್ನ?" ಎಂದೆ, ಗೊತ್ತಿದ್ದೂ.

"ನಿಂತೇ ಇದ್ಯಲ್ಲ, ಅದನ್ನ."

"ನಿನ್ನ ಭಯ?"

"ಭಯ ಅದರ ಪಾಡಿಗೆ ಅದಿರತ್ತೆ. ಕೇಳಿಲ್ಲಿ. ಊಟ, ಹಾಸಿಗೆ, ಮಾತ್ರೆ ಹೊತ್ತು ಎಲ್ಲ ನಾನು ನೋಡ್ಕೋತೀನಿ. ಮುಟ್ಟೋದು ಮಾತ್ರ ನೀವು. ನನ್ನ ಮಷೀನಿಗೂ ಅದಕ್ಕೂ ಎರಡು ಮಾರು ದೂರ ಇರ್ಬೇಕು."

ಬೇರೆ ಊರಲ್ಲಿರುವ ಮಗಳಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದರೆ ಅವಳು, "ಅಪ್ಪಾ, ಅಮ್ಮನಾ? ನಮ್ಮ ಅಮ್ಮನಾ?" ಎಂದು ಎರಡು ಸಲ ಕೇಳಿದಳು.

ನಾಯಿ ಬರುವ ಮೊದಲೇ ಅದಕ್ಕೊಂದು ದಾರಿ ತಯಾರಾಯಿತು. ದಪ್ಪ ಕ್ಯಾನ್ವಾಸಿನ ಅಡಿಗೆ ರಬ್ಬರ್ ಹಾಳೆ ಕೊಟ್ಟು, ಒಂದಡಿಗೆ ಮೂರು ಸಾಲಿನಂತೆ ಅಡ್ಡಹೊಲಿಗೆ ಹಾಕಿ, ಅಂಗಡಿಯ ಬಾಗಿಲಿನಿಂದ ಹಿಂದಿನ ಅಂಗಳದವರೆಗೆ ಉದ್ದಕ್ಕೆ ಹಾಸಿದಳು. ಅದರ ಮೇಲೆ ತಾನೇ ಬರಿಗಾಲಲ್ಲಿ ನಡೆದು, ಜಾರುತ್ತದೆಯೇ ಎಂದು ಪಾದ ಉಜ್ಜಿ ನೋಡಿದಳು. ಎರಡು ಕಡೆ ಬಿಚ್ಚಿ ಮತ್ತೆ ಹೊಲಿದಳು.

ನಾನು ಹಗ್ಗ ಹಿಡಿದು ಕರೆತಂದಾಗ ಅವಳು ಮಷೀನಿನ ಹಿಂದೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ನಾಯಿ ಕ್ಯಾನ್ವಾಸಿನ ಮೇಲೆ ಒಂದು ಕಾಲಿಟ್ಟು ನಿಂತಿತು. ಇನ್ನೊಂದಿಟ್ಟಿತು. ಅಂಗಳದ ತನಕ ಹೋಗಿ, ಮೂಸಿ, ತಿರುಗಿ ಬಂತು. ಆಮೇಲೆ ನಡುದಾರಿಯಲ್ಲಿ ನಿಂತು ಬಹಳ ಹೊತ್ತು ಯೋಚಿಸಿತು. ಯೋಚಿಸಿತು ಎನ್ನದೆ ಬೇರೆ ಹೇಗೆ ಹೇಳಲಿ ನನಗೆ ತಿಳಿಯದು. ಮುಂಗಾಲು ಮಡಚಿತು, ಹಿಂಗಾಲು ನಿಧಾನಕ್ಕೆ ಇಳಿಸಿತು, ಮಗ್ಗುಲಾಗಿ ಮಲಗಿತು. ನಾಲ್ಕು ಗಂಟೆ ನಿದ್ದೆ ಮಾಡಿತು, ಗೊರಕೆ ಸಮೇತ. ಆ ನಾಲ್ಕು ಗಂಟೆ ನನ್ನ ಹೆಂಡತಿ ಮಷೀನು ತುಳಿಯಲಿಲ್ಲ, ಕೈಹೊಲಿಗೆಯನ್ನೇ ಮಾಡಿದಳು. ಪ್ಯಾಂಟಿನ ಟ್ರಯಲ್‌ಗೆ ಬಂದ ಗಿರಾಕಿಯೊಬ್ಬ ಪಿಸುಮಾತಿನಲ್ಲೇ ಸೊಂಟ ಬಿಗಿ ಎಂದು ಹೇಳಿ ಹೋಗಬೇಕಾಯಿತು.

ಎಚ್ಚರವಾದಾಗ ಮುಂಗಾಲು ಊರಿ ಹಿಂದಿನದನ್ನು ಎಳೆಯಿತು. ಆಗಲಿಲ್ಲ. ಇನ್ನೊಮ್ಮೆ ಎಳೆಯಿತು. ಮೂರನೆಯ ಸಲ ರಬ್ಬರ್ ಹಾಸಿನ ಮೇಲೆ ಉಗುರು ಹಿಡಿತಕ್ಕೆ ಸಿಕ್ಕಿ, ಯಾರ ಸಹಾಯವೂ ಇಲ್ಲದೆ ಎದ್ದು ನಿಂತಿತು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡಿದ್ದಳು.

ಹೆಸರಿಡುವ ಮಾತು ಬಂದಾಗ ಅವಳು ಒಪ್ಪಲಿಲ್ಲ. "ಅಷ್ಟು ವಯಸ್ಸಾದವರಿಗೆ ಈಗ ಹೊಸ ಹೆಸರಿಡೋಕೆ ನಾವ್ಯಾರು? ಏಕವಚನದಲ್ಲಿ ಮಾತಾಡೋಕೂ ನನಗೆ ಬಾಯಿ ಬರಲ್ಲ" ಎಂದಳು. ಎರಡು ಮಾರು ದೂರದಿಂದಲೇ, "ಏಳಿ, ಊಟ ಆಗಿದೆ", "ಅಲ್ಲಿ ಬಿಸಿಲಿದೆ, ಈ ಕಡೆ ಬನ್ನಿ" ಎನ್ನುತ್ತಿದ್ದಳು. ಹೀಗೆ ಬಹುವಚನದಲ್ಲಿ ಶುರುವಾಗಿದ್ದು ಒಂದು ವಾರದಲ್ಲಿ "ಯಜಮಾನ್ರು" ಎಂದಾಯಿತು. ಅದರಿಂದ ನನ್ನ ಮರ್ಯಾದೆ ಏನಾಯಿತೆಂದು ಕೇಳಬೇಡಿ. ಒಮ್ಮೆ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ ಯಜಮಾನರು ಹೇಗಿದ್ದಾರೆ ಎಂದು ವಿಚಾರಿಸಿದರು. "ಪರವಾಗಿಲ್ಲ, ಬೆಳಿಗ್ಗೆ ಎರಡು ಮೊಟ್ಟೆ ತಿಂದ್ರು. ಅಂಗಳದಲ್ಲಿ ಎರಡು ಸುತ್ತು ಹಾಕಿದ್ರು. ಈಗ ಬಾಗಿಲ ಹತ್ರ ಮಲಗಿದಾರೆ" ಎಂದಳು. ಆ ಮನುಷ್ಯ ಮರುದಿನ ಹಣ್ಣು ಹಿಡಿದುಕೊಂಡು ನನ್ನನ್ನು ನೋಡಲು ಬಂದುಬಿಟ್ಟ.

ಯಜಮಾನರಿಗೆ ಒಂದು ಪದ್ಧತಿ ಇತ್ತು. ಅಂಗಡಿಗೆ ಯಾರು ಬಂದರೂ ಎದ್ದು ನಿಲ್ಲುತ್ತಿದ್ದರು. ಬೊಗಳುತ್ತಿರಲಿಲ್ಲ, ಹತ್ತಿರ ಹೋಗುತ್ತಿರಲಿಲ್ಲ, ಬರೀ ಎದ್ದು ನಿಂತು ಬಂದವರನ್ನು ಒಮ್ಮೆ ನೋಡಿ ಮತ್ತೆ ಮಲಗುತ್ತಿದ್ದರು. ಆ ಒಂದು ಏಳುವಿಕೆಗೆ ಅವರು ಪಡುತ್ತಿದ್ದ ಪಾಡು ನೋಡಿದವರು, ಬೇಡ ಬೇಡ, ಮಲಗಿರು ಎನ್ನುತ್ತಿದ್ದರು. ಅವರು ಕೇಳುತ್ತಿರಲಿಲ್ಲ. ಕೊನೆಗೆ ಜನರೇ ಕಲಿತರು. ಅವರು ಎದ್ದು ನಿಲ್ಲುವ ತನಕ ಹೊಸ್ತಿಲಲ್ಲೇ ಕಾದು, ಆಮೇಲೆ ಒಳಗೆ ಬರುತ್ತಿದ್ದರು.

ಚಳಿ ಬಂದಾಗ ಹಿಂಗಾಲು ಇನ್ನಷ್ಟು ಸೋತವು. ಹೊಟ್ಟೆಯ ಕೆಳಗೆ ಪಟ್ಟಿ ಕೊಟ್ಟು ಎತ್ತಿ ನಡೆಸಿ ಎಂದು ಪಶುವೈದ್ಯರು ಹೇಳಿದರು. ನಾನು ಟೇಪು ಹಿಡಿದು ಅಳತೆ ತೆಗೆದೆ, ಅವಳು ದೂರದಲ್ಲಿ ನಿಂತು ಬರೆದುಕೊಂಡಳು, ಎರಡು ಹಿಡಿಯ ಪಟ್ಟಿಯೊಂದನ್ನು ಹೊಲಿದಳು. ಅದು ಆಗಾಗ ಹಿಂದಕ್ಕೆ ಜಾರುತ್ತಿತ್ತು. ಆದರೂ ಕೆಲಸ ನಡೆಯಿತು. ದಿನಕ್ಕೆ ನಾಲ್ಕು ಸಲ ನಾನೇ ಎತ್ತಿ ಅಂಗಳಕ್ಕೆ ನಡೆಸುತ್ತಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ಬಟ್ಟೆಯ ಥಾನು ಎತ್ತಲು ಬಗ್ಗಿದವನು ಏಳಲಾರದೆ ಹೋದೆ. ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಹತ್ತು ದಿನ ಅಲುಗಾಡದೆ ಮಲಗಬೇಕು ಎಂದರು. ಮೇಲಿನ ಕೋಣೆಯಲ್ಲಿ ಮಂಚದ ಮೇಲೆ ಬಿದ್ದುಕೊಂಡೆ. ಈಗ ಯಜಮಾನರನ್ನು ಮುಟ್ಟುವವರು ಯಾರು ಎಂಬುದೇ ನನ್ನ ಚಿಂತೆ. ಪಕ್ಕದಂಗಡಿಯ ಗಡಿಯಾರ ರಿಪೇರಿಯವರು ದಿನಕ್ಕೆ ಮೂರು ಸಲ ಬಂದು ಎತ್ತಿ ನಡೆಸಿ ಹೋಗುವುದೆಂದು ಅವಳು ಏರ್ಪಾಟು ಮಾಡಿದಳು. ಎರಡು ದಿನ ಸುಸೂತ್ರವಾಗಿ ನಡೆಯಿತು.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಕೆಳಗೆ ದಪ್ಪನೆ ಏನೋ ಬಿದ್ದ ಸದ್ದು, ಅದರ ಹಿಂದೆಯೇ ಯಜಮಾನರ ನರಳಾಟ. ನಾನು ಕೂಗಿದೆ. ಉತ್ತರವಿಲ್ಲ. ಏಳಲು ಹೋದೆ, ಸೊಂಟಕ್ಕೆ ಕತ್ತರಿ ಇಟ್ಟಂತಾಯಿತು. ಹತ್ತೊಂಬತ್ತು ಮೆಟ್ಟಿಲು ಅಂದು ಹತ್ತೊಂಬತ್ತು ಮೈಲಿಯಾಗಿದ್ದವು.

ಕೆಳಗೆ ಏನಾಯಿತೆಂದು ನನಗೆ ಹೇಳಿದ್ದು ಅವಳಲ್ಲ. ಯೂನಿಫಾರ್ಮ್ ಟ್ರಯಲ್‌ಗೆ ಬಂದಿದ್ದ ನರ್ಸಮ್ಮ. ಟ್ರಯಲ್ ಮುಗಿಸಿ, ನನ್ನ ಸೊಂಟ ನೋಡಿ ಹೋಗೋಣ ಎಂದು ಮೇಲೆ ಬಂದವರು ಕುರ್ಚಿ ಎಳೆದುಕೊಂಡು ಕೂತರು.

"ಮಾಸ್ಟ್ರೇ, ನಾನು ಇಪ್ಪತ್ತೆರಡು ವರ್ಷ ವಾರ್ಡಲ್ಲಿ ದುಡಿದವಳು. ಇವತ್ತು ನೋಡಿದಂಥದ್ದು ನೋಡಿಲ್ಲ" ಎಂದು ಶುರು ಮಾಡಿದರು.

ನಡೆದದ್ದು ಇಷ್ಟು. ನರ್ಸಮ್ಮ ಒಳಗೆ ಬಂದಾಗ ಯಜಮಾನರು ವಾಡಿಕೆಯಂತೆ ಏಳಲು ಹೋದರು. ಒಂದು ಕಾಲು ಹಾಸಿನಿಂದ ಆಚೆ ಟೈಲ್ಸಿನ ಮೇಲೆ ಬಿತ್ತು. ಜಾರಿದರು. ಹಿಂಗಾಲು ಎರಡೂ ಎರಡು ಕಡೆಗೆ ಅಗಲಿ, ಎದೆ ನೆಲಕ್ಕೆ ಬಡಿಯಿತು. ಗಡಿಯಾರದವರ ಅಂಗಡಿಗೆ ಬೀಗ.

"ನಾನು ಎತ್ತೋಕೆ ಮುಂದೆ ಹೋದೆ. ನಿಮ್ಮ ಮನೆಯವರು ಬೇಡ ಅಂದ್ರು. 'ನೀವು ಅವರಿಗೆ ಗುರುತಿಲ್ಲ, ನಾನೇ ಬರ್ತೀನಿ' ಅಂದ್ರು. ಬಂದವರು ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ರು. ಆಮೇಲೆ ನೆಲದ ಮೇಲೆ ಕೂತ್ಕೊಂಡ್ರು. 'ಯಜಮಾನ್ರೇ, ನಿಮಗೂ ಭಯ ಆಗಿದೆ, ನನಗೂ ಭಯ ಆಗಿದೆ. ಏನ್ಮಾಡೋದು, ಏಳ್ಬೇಕಲ್ಲ' ಅಂದ್ರು. ಹಾಗೇ ಹೇಳ್ತಾ ಹೇಳ್ತಾ ಹೊಟ್ಟೆ ಕೆಳಗೆ ಕೈ ಹಾಕಿದ್ರು."

ನರ್ಸಮ್ಮ ತಮ್ಮ ಮಣಿಕಟ್ಟನ್ನು ಹಿಡಿದು ತೋರಿಸಿದರು.

"ನೋವಾಯ್ತೋ ಏನೋ, ಅದು ತಟ್ಟನೆ ತಿರುಗಿ ಇವರ ಕೈ ಬಾಯಲ್ಲಿ ಹಿಡ್ಕೊಂಡ್ತು. ಇಲ್ಲಿ. ಇವರು ಕೈ ಎಳ್ಕೊಳ್ಳಲಿಲ್ಲ. ಎಳೆದಿದ್ರೆ ಹಲ್ಲು ಇಳೀತಿತ್ತು. 'ಕಚ್ಚಬೇಕು ಅನ್ಸಿದ್ರೆ ಕಚ್ಚಿ, ನಾನು ಕೈ ಬಿಡಲ್ಲ' ಅಂದ್ರು, ಮೆಲ್ಲಗೆ. ಒಂದರಿಂದ ಹತ್ತು ಎಣಿಸುವಷ್ಟು ಹೊತ್ತು ಹಾಗೇ ಇದ್ರು ಇಬ್ಬರೂ. ಆಮೇಲೆ ಅದು ಬಾಯಿ ಬಿಟ್ಟು ಮುಖ ಆ ಕಡೆ ತಿರುಗಿಸ್ತು. ಚರ್ಮ ಕೂಡ ತರಚಿಲ್ಲ."

ಅವಳು ಅವರನ್ನು ಅಂಗುಲ ಅಂಗುಲವಾಗಿ ಹಾಸಿನ ಮೇಲಕ್ಕೆ ಎಳೆದುಕೊಂಡು, ಹಿಂಗಾಲನ್ನು ಒಂದೊಂದಾಗಿ ಕೂಡಿಸಿ, ಅವರು ಸುಧಾರಿಸಿಕೊಳ್ಳುವ ತನಕ ಕಾದು, ಎತ್ತಿ ನಿಲ್ಲಿಸಿದಳಂತೆ. ಆಮೇಲೆ ಒಂದು ಚೊಂಬು ನೀರು ಗಟಗಟ ಕುಡಿದು, "ಬನ್ನಿ, ನಿಮ್ಮ ಟ್ರಯಲ್ ನೋಡೋಣ" ಎಂದಳಂತೆ.

"ಟ್ರಯಲ್‌ನಲ್ಲಿ ಎರಡು ಸಲ ಪಿನ್ನು ಚುಚ್ಚಿದ್ರು ನನಗೆ. ನಾನು ತುಟಿ ಪಿಟಕ್ಕೆನ್ನಲಿಲ್ಲ" ಎಂದು ನರ್ಸಮ್ಮ ನಕ್ಕರು.

ಮಧ್ಯಾಹ್ನ ಅವಳು ಊಟದ ತಟ್ಟೆ ಹಿಡಿದು ಮೇಲೆ ಬಂದಳು. ತಟ್ಟೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು:

"ನಿಮ್ಮ ಅಳತೆ ತಪ್ಪು."

ಈ ಕಸುಬಿನಲ್ಲಿ ನನಗೆ ಯಾರೂ ಹೇಳದ ಮಾತು. "ಏನು ತಪ್ಪು?" ಎಂದೆ.

"ನಿಂತಿರೋವಾಗ ಅಳತೆ ತೆಗೆದ್ರಿ. ಪಟ್ಟಿ ಬೇಕಾಗೋದು ಅವರು ಮಲಗಿದ್ದು ಏಳುವಾಗ. ಮಲಗಿದಾಗ ಹೊಟ್ಟೆ ಬೇರೆ, ತೊಡೆ ಬೇರೆ, ಭಾರ ಬೀಳೋ ಜಾಗಾನೇ ಬೇರೆ. ಅದಕ್ಕೇ ಅದು ಹಿಂದಕ್ಕೆ ಜಾರತ್ತೆ."

ಅವಳು ಹೇಳಿದ್ದರಲ್ಲಿ ಎರಡು ಮಾತಿರಲಿಲ್ಲ.

"ಸರಿ, ಗಡಿಯಾರದವರ ಹತ್ರ ಹೇಳಿ ಮಲಗಿದಾಗ ಅಳತೆ ತೆಗೆಸು."

"ಅವರಿಗೆ ಟೇಪು ಹಿಡಿಯೋಕೆ ಬರತ್ತಾ? ನಾನೇ ತೆಗೀತೀನಿ. ನೀವು ಇಲ್ಲಿಂದ ಬರ್ಕೊಳ್ಳಿ."

ಆ ಸಂಜೆ ನಾನು ಅಂಗಾತ ಮಲಗಿ, ಎದೆಯ ಮೇಲೆ ಅಳತೆಯ ಪುಸ್ತಕ ಇಟ್ಟುಕೊಂಡು ಕಾದೆ. ಕೆಳಗಿನಿಂದ ಅವಳ ದನಿ ಮೆಟ್ಟಿಲೇರಿ ಬಂತು. "ಎದೆ ಇಪ್ಪತ್ತೆಂಟೂವರೆ. ಬರ್ಕೊಂಡ್ರಾ?" ಬರೆದುಕೊಂಡೆ. "ಸೊಂಟ ಇಪ್ಪತ್ತೆರಡು. ಸ್ವಲ್ಪ ತಿರುಗಿ ಯಜಮಾನ್ರೇ, ಇನ್ನೊಂದೇ ಇದೆ. ತೊಡೆ ಹನ್ನೆರಡು ಮುಕ್ಕಾಲು." ಅಷ್ಟು ವರ್ಷವೂ ನಾನು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಅಂದು ಅವಳು ಹೇಳಿದಳು, ನಾನು ಬರೆದೆ. ಅವಳ ದನಿ ಮೊದಲ ಎರಡು ಅಳತೆಗೆ ನಡುಗುತ್ತಿತ್ತು. ಆಮೇಲೆ ಗಿರಾಕಿಗಳ ಜೊತೆ ಮಾತಾಡುವ ದನಿಯಾಯಿತು.

ಹೊಸ ಪಟ್ಟಿ ಬೇರೆಯೇ ಆಗಿತ್ತು. ಎದೆಗೊಂದು, ಸೊಂಟಕ್ಕೊಂದು, ಎರಡನ್ನೂ ಬೆನ್ನ ಮೇಲೆ ಕೂಡಿಸುವ ಅಗಲ ಪಟ್ಟಿ. ತೊಡೆಯ ಕುಣಿಕೆಗಳ ಒಳಗೆ ಮೆತ್ತನೆಯ ಉಣ್ಣೆ ಬಟ್ಟೆ, ಉಜ್ಜದಂತೆ ಹೊಲಿಗೆಯೆಲ್ಲ ಹೊರಮೈಗೆ. ಹಿಡಿ ನನ್ನ ಕೈಗೆ ಗಿಡ್ಡವಾಯಿತಲ್ಲ ಎಂದೆ. "ನನ್ನೆತ್ತರಕ್ಕೆ ಇಟ್ಟಿದೀನಿ. ಎತ್ತೋಳು ನಾನು. ನಿಮ್ಮ ಸೊಂಟ ನಂಬ್ಕೊಂಡು ಇನ್ನು ಕೂರಕ್ಕಾಗಲ್ಲ."

ಹನ್ನೊಂದನೆಯ ದಿನ ಗೋಡೆ ಹಿಡಿದುಕೊಂಡು ಕೆಳಗಿಳಿದೆ. ಅಂಗಳದಲ್ಲಿ ಅವರಿಬ್ಬರೂ ನಡೆಯುತ್ತಿದ್ದರು. ಅವಳ ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಗುಂಡಿಗೆ ಕಾಜಾ ಹಾಕಬೇಕಿದ್ದ ಅಂಗಿ. ಯಜಮಾನರು ನಿಂತು ಮೂಸಿದರೆ ಅವಳೂ ನಿಲ್ಲುತ್ತಿದ್ದಳು. ಅವಸರ ಮಾಡುತ್ತಿರಲಿಲ್ಲ. ನನ್ನನ್ನು ನೋಡಿ ಯಜಮಾನರ ಬಾಲ ಎರಡು ಸಲ ಅಲ್ಲಾಡಿತು. ಅವಳು ಮಾತ್ರ, "ಚಪ್ಪಲಿ ಹಾಕ್ಕೊಳ್ಳಿ, ಒದ್ದೆ ಇದೆ" ಎಂದಳು.

ಆರು ತಿಂಗಳು ದಾಟಿದರೆ ಹೆಚ್ಚು ಎಂದು ಪಶುವೈದ್ಯರು ಹೇಳಿದ್ದರು. ಯಜಮಾನರು ನಮ್ಮೊಂದಿಗೆ ಒಂದು ವರ್ಷ ಎಂಟು ತಿಂಗಳು ಬದುಕಿದರು. ಮಲಗುವ ಜಾಗ ಎರಡು ಮಾರಿನಿಂದ ಒಂದು ಮಾರಿಗೆ ಬಂತು, ಆಮೇಲೆ ಮಷೀನಿನ ಪೆಡಲ್ ಪಕ್ಕಕ್ಕೇ ಬಂತು. ಕೊನೆಕೊನೆಗೆ ಕಿವಿ ಹೋಗಿತ್ತು. ಪೆಡಲ್ ಆಡಿದರೆ ನೆಲ ಅದುರುತ್ತದಲ್ಲ, ಆ ಅದುರು ನಿಂತ ಕೂಡಲೇ ಕಣ್ಣು ಬಿಟ್ಟು ಅವಳನ್ನು ನೋಡುತ್ತಿದ್ದರು. ಅವಳು ದಾರ ಪೋಣಿಸುತ್ತಿದ್ದಳು ಅಷ್ಟೆ. ಪೋಣಿಸಿ ಮತ್ತೆ ತುಳಿದರೆ ಮತ್ತೆ ಕಣ್ಣು ಮುಚ್ಚುತ್ತಿದ್ದರು. ಅಷ್ಟಾದರೂ ಬೀದಿಯಲ್ಲಿ ಬೇರೆ ನಾಯಿ ಬಂದರೆ ನನ್ನ ಹೆಂಡತಿ ಈಗಲೂ ಆಚೆ ಬದಿಗೆ ದಾಟುತ್ತಾಳೆ. ಇದು ನನಗೆ ಆಶ್ಚರ್ಯ. ಭಯ ಹೋದ ಮೇಲೆ ಮುಟ್ಟುವುದು ಎಲ್ಲರಿಂದಲೂ ಆಗುತ್ತದೆ. ಅವಳು ಭಯ ಇಟ್ಟುಕೊಂಡೇ ಮುಟ್ಟಿದಳು.

ಕೊನೆಯ ವಾರ ಅವರು ಮೊಟ್ಟೆಯನ್ನೂ ಬಿಟ್ಟರು. ಪಶುವೈದ್ಯರನ್ನು ಅಂಗಡಿಗೇ ಕರೆಸಿದೆವು. ಬೆಳಗಿನ ಬಿಸಿಲು ಹಾಸಿನ ಮೇಲೆ ಬಿದ್ದಿತ್ತು. ಅವರು ಒಳಗೆ ಬಂದಾಗ ಯಜಮಾನರು ತಲೆಯನ್ನಷ್ಟೇ ಎತ್ತಿದರು. "ಏಳೋದು ಬೇಡ, ಗೊತ್ತಿರೋರೇ ಬಂದಿದಾರೆ" ಎಂದು ಅವಳು ಅವರ ಹಣೆಯ ಮೇಲೆ ಕೈಯಿಟ್ಟಳು. ನೋವಿಲ್ಲದೆ ಕಳಿಸಿಕೊಡುವ ಸೂಜಿಮದ್ದು ಕೊಟ್ಟು ಮುಗಿಯುವವರೆಗೂ, ಮುಗಿದ ಮೇಲೂ ಬಹಳ ಹೊತ್ತು ಆ ಕೈ ಅಲ್ಲೇ ಇತ್ತು. ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಬಂದ ಗಿರಾಕಿಗಳು ಅಭ್ಯಾಸಬಲದಿಂದ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತೇ ಒಳಗೆ ಬಂದರು.

ತಿಂಗಳು ಕಳೆದ ಮೇಲೆ ಶೆಲ್ಟರಿನ ಬೂಟಿನ ಹೆಂಗಸು ಬಂದರು. ಅಲ್ಲಿ ಇನ್ನೂ ಆರು ಮುದಿ ನಾಯಿಗಳಿಗೆ ಅಂಥ ಪಟ್ಟಿ ಬೇಕಿತ್ತು. ಚೀಟಿಯಲ್ಲಿ ಅಳತೆ ಬರೆದು ತಂದಿದ್ದರು. ನನ್ನ ಹೆಂಡತಿ ಚೀಟಿ ಓದಿ ವಾಪಸು ಕೊಟ್ಟಳು.

"ನಿಂತಾಗ ತೆಗೆದದ್ದು. ಆಗಲ್ಲ."

"ಮತ್ತೆ?"

ಅವಳು ಸ್ವಲ್ಪ ಹೊತ್ತು ಕತ್ತರಿಯ ಹಿಡಿಯನ್ನು ತಿರುಗಿಸುತ್ತ ಕೂತಿದ್ದಳು. "ನಾನೇ ಬರ್ತೀನಿ" ಎಂದಳು.

ಗುರುವಾರ ಹೋದೆವು. ಗೇಟಿನ ಬಳಿ ವ್ಯಾನ್ ನಿಂತಾಗ ಅರವತ್ತು ನಾಯಿಗಳು ಒಟ್ಟಿಗೆ ಬೊಗಳಿದವು. ಅವಳು ಗಾಜು ಏರಿಸಿದಳು. ಮನೆಗೆ ಹೋಗೋಣವೇ ಎಂದೆ. ಬೇಡವೆಂದು ತಲೆಯಾಡಿಸಿದಳು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡಳು, ಬಾಗಿಲು ತೆರೆದು ಇಳಿದಳು. ನನ್ನ ಅಂಗಿಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಕಂಕುಳ ಬಳಿ ಹೊಲಿಗೆ ಬಿಟ್ಟ ಸದ್ದು ಕೇಳಿಸಿತು. ಉದ್ದನೆಯ ಓಣಿಯಲ್ಲಿ ಎರಡೂ ಕಡೆ ಜಾಲರಿ, ಜಾಲರಿಗೆ ಒತ್ತಿದ ಮೂಗುಗಳು. ಅವಳು ಅತ್ತ ಇತ್ತ ನೋಡದೆ ಕೊನೆಯ ಕೋಣೆಯವರೆಗೆ ನಡೆದಳು. ಅಲ್ಲಿ ಮೂತಿಯೆಲ್ಲ ನರೆತ ಒಂದು ಕರಿಯ ಹೆಣ್ಣು ನಾಯಿ, ಅವಳೇ ಹೊಲಿದ ಹಾಸಿಗೆಯ ಮೇಲೆ ಮಲಗಿತ್ತು.

ನನ್ನ ತೋಳು ಬಿಟ್ಟು ಅವಳು ನೆಲದ ಮೇಲೆ ಕೂತಳು. "ಏಳ್ಬೇಡಿ ಅಮ್ಮ, ಹಾಗೇ ಇರಿ. ಅಳತೆ ತಗೊಂಡು ಹೋಗೋಳು ನಾನು" ಎಂದು ಟೇಪು ಬಿಚ್ಚಿದಳು. ನಾನು ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಳ್ಳಲು ನಿಂತೆ.